ಹಿಡಿ ಮುರಿದ ದೋಣಿ

ಕನ್ನಡದಲ್ಲಿ ಹಿಡಿಗಳಿಗೆ ಬಡತನವಿಲ್ಲ. ಕೊಡಲಿಗೆ ಕಾವು, ನೇಗಿಲಿಗೆ ಮೇಳಿ, ಬೀಸುವ ಕಲ್ಲಿಗೆ ಗೂಟ, ಚೂರಿಗೆ ಹಿಡಿಕೆ. ದೋಣಿಗೆ ಹುಟ್ಟು, ಜಲ್ಲೆ, ಚುಕ್ಕಾಣಿ. ಕೈಗೂ ಕೆಲಸಕ್ಕೂ ನಡುವೆ ನಿಲ್ಲುವ ಈ ತುಂಡುಗಳಿಗೆ ನಮ್ಮ ಹಿರಿಯರು ಒಂದೊಂದಕ್ಕೂ ಬೇರೆ ಬೇರೆ ಹೆಸರಿಟ್ಟರು. ಅಕ್ಕರೆಯಿಂದ ಇಟ್ಟರೋ, ಬಡಗಿಗೆ ಹೇಳುವಾಗ ಗೊಂದಲವಾಗದಿರಲೆಂದು ಇಟ್ಟರೋ ಹೇಳಲಾರೆ. ಆದರೆ ಎಂಜಿನ್ನು ಕೂಡಿಸಿದ ಇಂದಿನ ದೋಣಿಯಲ್ಲಿ, ಚುಕ್ಕಾಣಿ ಹಿಡಿದವನ ಬಲಗೈಯ ಪಕ್ಕದಲ್ಲಿ ನಿಂತಿರುವ, ಗೇಣುದ್ದದ, ತುದಿ ಗುಂಡಾದ ಹಿಡಿಗೆ ಮಾತ್ರ ಇನ್ನೂ ನಾಮಕರಣವಾಗಿಲ್ಲ. ಮಾರುವವರ ಪಟ್ಟಿಯಲ್ಲಿ ಅದು ಥ್ರಾಟಲ್ ಲಿವರ್. ನಮ್ಮ ಕಡವಿನಲ್ಲಿ ಕೆಲವರು ಅದನ್ನು ಗೇರು ಎನ್ನುತ್ತಾರೆ, ಕೆಲವರು ರೇಸು ಎನ್ನುತ್ತಾರೆ, ಹೆಚ್ಚಿನವರು ಬರಿದೇ ‘ಅದು’ ಎನ್ನುತ್ತಾರೆ. ಅದು ಸರಿಯಾಗಿರುವ ತನಕ ಅದರ ಹೆಸರು ಯಾರಿಗೂ ಬೇಕಾಗುವುದಿಲ್ಲ.

ಥ್ರಾಟಲ್ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಕುತ್ತಿಗೆ ಹಿಸುಕು ಎಂಬ ಅರ್ಥವಿದೆ. ಹಬೆಯ ಯಂತ್ರಕ್ಕೂ ಪೆಟ್ರೋಲಿನ ಯಂತ್ರಕ್ಕೂ ಅದು ಒಪ್ಪತಕ್ಕ ಮಾತೇ. ಅವುಗಳಲ್ಲಿ ಹಬೆಯೋ ಗಾಳಿಯೋ ಒಳಹೋಗುವ ದಾರಿಯನ್ನು ಅದುಮಿ, ಸಡಿಲಿಸಿ ವೇಗವನ್ನು ಆಳುತ್ತಾರೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಹಿಸುಕುವುದಕ್ಕೆ ಕುತ್ತಿಗೆಯೇ ಇಲ್ಲ. ಗಾಳಿ ತನ್ನಷ್ಟಕ್ಕೆ ಯಥೇಚ್ಛವಾಗಿ ಹೋಗುತ್ತಿರುತ್ತದೆ. ಹಿಡಿಯನ್ನು ಸರಿಸಿದಾಗ ಎಣ್ಣೆಯ ಪಂಪಿನಲ್ಲಿರುವ ಗವರ್ನರಿಗೆ ‘ಇಷ್ಟು ವೇಗದಲ್ಲಿ ಓಡು’ ಎಂಬ ಅಪ್ಪಣೆ ತಲಪುತ್ತದೆ, ಗವರ್ನರು ಅದಕ್ಕೆ ತಕ್ಕಷ್ಟು ಎಣ್ಣೆಯನ್ನು ಅಳೆದು ಕೊಡುತ್ತದೆ. ಆದುದರಿಂದ ಈ ಹಿಡಿಯನ್ನು ಅಪ್ಪಣೆಯ ಹಿಡಿ ಎಂದರೆ ಸಲ್ಲುತ್ತದೆ. ಯಾರಾದರೂ ಹೆಸರಿಡುವುದಿದ್ದರೆ ಈ ಹೆಸರನ್ನು ಪರಿಶೀಲಿಸಬಹುದು.

ಒಂದು ಕಾಲದಲ್ಲಿ ಈ ಅಪ್ಪಣೆ ಹೊರುವ ಕೆಲಸ ಮನುಷ್ಯರದಾಗಿತ್ತು. ಹಬೆಹಡಗಿನ ಮೇಲಟ್ಟದಲ್ಲಿ ಕಪ್ತಾನ. ಅದರ ಹೊಟ್ಟೆಯೊಳಗೆ, ಕಡಲನ್ನೇ ಕಾಣದೆ, ಎಂಜಿನಿಯರ. ಇಬ್ಬರ ನಡುವೆ ಹಿತ್ತಾಳೆಯ ಗಡಿಯಾರದಂಥ ಟೆಲಿಗ್ರಾಫು. ಕಪ್ತಾನನು ಮುಳ್ಳನ್ನು ‘ಅರ್ಧ ವೇಗ, ಮುಂದಕ್ಕೆ’ ಎಂಬಲ್ಲಿಗೆ ತಿರುಗಿಸಿದರೆ ಕೆಳಗಣ ಮುಖದ ಮೇಲೂ ಗಂಟೆ ಬಾರಿಸಿಕೊಂಡು ಮುಳ್ಳು ಅಲ್ಲಿಗೆ ಬರುತ್ತಿತ್ತು. ಕೆಳಗಿನವನು ತನ್ನ ಮುಳ್ಳನ್ನೂ ಅದಕ್ಕೆ ಹೊಂದಿಸಿ, ಅಪ್ಪಣೆ ತಿಳಿಯಿತೆಂದು ಉತ್ತರ ಕೊಡುತ್ತಿದ್ದನು. ಕೇರಳದ ಹಿನ್ನೀರುಗಳಲ್ಲಿ ಸರಕಾರದ ಪ್ರಯಾಣಿಕ ದೋಣಿ ಹತ್ತಿದವರು ಇದರ ಬಡ ತಮ್ಮನನ್ನು ಕಂಡಿರಬಹುದು. ಮುಂಭಾಗದಲ್ಲಿ ಚುಕ್ಕಾಣಿ ಹಿಡಿದ ಸ್ರಾಂಕನು ಹಗ್ಗವನ್ನು ಜಗ್ಗುತ್ತಾನೆ, ಎಂಜಿನ್ನಿನ ಬಳಿ ಕುಳಿತ ಡ್ರೈವರನ ಕಿವಿಗೆ ಗಂಟೆ ಬಡಿಯುತ್ತದೆ, ಗಂಟೆಯ ಲೆಕ್ಕದಂತೆ ದೋಣಿ ಹೊರಡುತ್ತದೆ, ನಿಲ್ಲುತ್ತದೆ, ಹಿಂದೆ ಸರಿಯುತ್ತದೆ. ಗಂಟೆ ಕೇಳಿ ಕೆಲಸ ಮಾಡುವವನಿಗೆ ಎದುರು ದಡ ಕಾಣುವುದೇ ಇಲ್ಲ. ಆದರೂ ದೋಣಿ ಕಟ್ಟೆಗೆ ತಗಲದೆ ನಿಲ್ಲುತ್ತದೆ. ಇದನ್ನು ನಂಬಿಕೆ ಎನ್ನದೆ ಬೇರೇನೆನ್ನಬೇಕು?

ಸಣ್ಣ ದೋಣಿಯಲ್ಲಿ ಆ ಎರಡನೆಯ ಮನುಷ್ಯನ ಸ್ಥಾನವನ್ನು ಒಂದು ತಂತಿ ಆಕ್ರಮಿಸಿತು. ಕೊಳವೆಯೊಳಗೆ ಓಡುವ ಇಂಥ ತಂತಿಗೆ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬವನು 1896ರಲ್ಲಿ ಪೇಟೆಂಟ್ ಪಡೆದನು. ಸೈಕಲ್ಲಿನ ಬ್ರೇಕಿನಲ್ಲಿ ನಾವು ದಿನವೂ ನೋಡುವುದು ಅದನ್ನೇ. ಬೌಡನನ ತಂತಿಗೆ ಎಳೆಯುವುದು ಮಾತ್ರ ಗೊತ್ತು; ದೋಣಿಯಲ್ಲಿರುವುದು ಅದರ ಗಟ್ಟಿಮುಟ್ಟಾದ ದಾಯಾದಿ, ಅದು ನೂಕಲೂ ಬಲ್ಲುದು. ಒಂದೇ ಹಿಡಿಯಿಂದ ಇಂಥ ಎರಡು ತಂತಿಗಳು ಹೊರಡುತ್ತವೆ. ಹಿಡಿ ನೆಟ್ಟಗೆ ನಿಂತಿದ್ದರೆ ಎಂಜಿನ್ನು ತನ್ನಷ್ಟಕ್ಕೆ ಗುಣುಗುಟ್ಟುತ್ತಿರುತ್ತದೆ, ದೋಣಿ ಚಲಿಸುವುದಿಲ್ಲ. ಸ್ವಲ್ಪ ಮುಂದಕ್ಕೆ ನೂಕಿದರೆ ಮೊದಲ ತಂತಿ ಗೇರನ್ನು ಕೂಡಿಸುತ್ತದೆ. ಇನ್ನೂ ನೂಕಿದರೆ ಎರಡನೆಯದು ವೇಗವನ್ನು ಏರಿಸುತ್ತದೆ. ಹಿಂದಕ್ಕೆ ಎಳೆದರೆ ಇದೇ ಕ್ರಮದಲ್ಲಿ ಹಿಮ್ಮುಖ ಚಲನೆ. ಹೊರಡುವುದು, ನಿಲ್ಲುವುದು, ಮುಂದೆ, ಹಿಂದೆ, ಬೇಗ, ಮೆಲ್ಲಗೆ, ಇವಿಷ್ಟನ್ನೂ ಒಂದು ಗೇಣು ಲೋಹಕ್ಕೆ ಒಪ್ಪಿಸಿ ನಾವು ನಿಶ್ಚಿಂತರಾಗಿದ್ದೇವೆ.

ಈ ಹಿಡಿ ಮುರಿದರೆ ಏನಾಗುತ್ತದೆ? ಎಂಜಿನ್ನು ನಿಂತುಹೋಗುತ್ತದೆಂದು ಭಾವಿಸುವವರೇ ಹೆಚ್ಚು. ನಿಲ್ಲುವುದಿಲ್ಲ. ಕೊನೆಯ ಅಪ್ಪಣೆ ಏನಿತ್ತೋ ಅದನ್ನೇ ಅದು ಪಾಲಿಸುತ್ತಿರುತ್ತದೆ. ಅಪಾಯವಿರುವುದು ಈ ನಿಷ್ಠೆಯಲ್ಲಿಯೇ.

ಉಡುಪಿಯ ವಾಯವ್ಯಕ್ಕೆ, ಸೀತಾ ನದಿಯೂ ಸ್ವರ್ಣಾ ನದಿಯೂ ಕೂಡಿ ಕಡಲಿಗೆ ಇಳಿಯುವಲ್ಲಿ, ಒಂದು ಬದಿಗೆ ಕೋಡಿಬೆಂಗ್ರೆ, ಆಚೆಯ ಬದಿಗೆ ಹಂಗಾರಕಟ್ಟೆ. ನದಿ ಕಡಲಿಗೆ ಬಾಯ್ದೆರೆಯುವ ಇಂಥ ಜಾಗವನ್ನು ನಮ್ಮ ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ಅಳಿವೆಯ ತಳದಲ್ಲಿ ಮರಳಿನ ದಿಣ್ಣೆ ಇರುತ್ತದೆ. ಅದು ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಇಳಿತದ ಹೊತ್ತಿಗೆ ನದಿಯ ನೀರು ಹೊರಕ್ಕೆ ಧಾವಿಸುವಾಗ ಕಡಲಿನ ಅಲೆ ಒಳಕ್ಕೆ ಬಂದರೆ, ಎರಡೂ ಎದುರಾಗಿ, ಅಲೆ ಮೋಟಾಗಿ ಕಡಿದಾಗಿ ಎದ್ದು ನಿಲ್ಲುತ್ತದೆ. ಹೊರಗಿನಿಂದ ಬರುವ ದೋಣಿಯವನು ಆಗ ಒಂದು ಅಲೆಯ ಬೆನ್ನೇರಿ, ಅದರ ತಲೆಯನ್ನು ದಾಟದೆ, ಹಿಂದಿನ ಅಲೆಗೂ ಸಿಕ್ಕದೆ ಒಳಗೆ ಬರಬೇಕು. ಚುಕ್ಕಾಣಿಯಷ್ಟೇ ಕೆಲಸ ಆ ಕ್ಷಣದಲ್ಲಿ ವೇಗದ ಹಿಡಿಗೂ ಇರುತ್ತದೆ. ಹೆಚ್ಚಿಸು, ತಗ್ಗಿಸು, ಹೆಚ್ಚಿಸು.

2023ರ ಸೆಪ್ಟೆಂಬರಿನ ಒಂದು ಸಂಜೆ ನಾನೂ ಅಂಥ ದೋಣಿಯೊಂದರಲ್ಲಿದ್ದೆ. ದೋಣಿಯ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ಯಾರೋ ಬಳಸಿ ಮಾರಿದ ಫೈಬರಿನ ದೋಣಿಯನ್ನು ಸಾಲ ಮಾಡಿ ಕೊಂಡು, ಬೆಳಗ್ಗೆ ಬಲೆಗೂ ಸಂಜೆ ಊರು ನೋಡ ಬಂದವರಿಗೂ ಅದನ್ನು ದುಡಿಸುತ್ತಾನೆ. ಕೊಪ್ಪಳದ ಕಡೆಯ ಒಬ್ಬ ಯುವಕ ಅವನಲ್ಲಿ ಕೆಲಸಕ್ಕಿದ್ದಾನೆ. ಆ ಹುಡುಗ ಕಡಲು ಕಂಡು ಎರಡು ವರ್ಷವಾಗಿರಬೇಕು. ಈಜನ್ನು ಇಲ್ಲಿಗೆ ಬಂದ ಮೇಲೆ ಕಲಿತವನು.

ಅಳಿವೆಯ ಬಾಯಲ್ಲಿ ಯಜಮಾನ ಎರಡು ಕೈಯಿಂದ ಚುಕ್ಕಾಣಿಯನ್ನು ಹಿಡಿದಿದ್ದ. ಹುಡುಗನ ಕೈ ಹಿಡಿಯ ಮೇಲಿತ್ತು. “ತಗ್ಗಿಸು” ಎಂಬ ಕೂಗಿಗೆ ಹುಡುಗ ಹಿಡಿಯನ್ನು ಹಿಂದಕ್ಕೆ ಸೆಳೆದ. ಒಂದು ಕ್ಷಣದ ಮೇಲೆ ನೋಡಿದರೆ, ಬುಡದಿಂದ ಬೇರ್ಪಟ್ಟ ಹಿಡಿ ಅವನ ಮುಷ್ಟಿಯಲ್ಲಿದೆ. ದೋಣಿ ಮೊದಲಿನ ವೇಗದಲ್ಲೇ ಮುಂದಿನ ಅಲೆಯ ನೆತ್ತಿಯತ್ತ ಏರುತ್ತಿದೆ. ನೆತ್ತಿ ದಾಟಿದರೆ ಮೂತಿ ಕೆಳಗಾಗಿ ಅಡ್ಡ ತಿರುಗುವುದು. ಅಡ್ಡ ತಿರುಗಿದರೆ ಹಿಂದಿನ ಅಲೆಗೆ ಮಗುಚುವುದು. ಎಂಜಿನ್ನನ್ನು ನಿಲ್ಲಿಸುವ ಗುಂಡಿ ಯಜಮಾನನ ಮೊಣಕಾಲಿನ ಹತ್ತಿರವೇ ಇತ್ತು. ಅವನು ಅದನ್ನು ಎಳೆಯಲಿಲ್ಲ. ಅಲ್ಲಿ ಎಂಜಿನ್ನು ನಿಂತ ದೋಣಿಗೆ ಚುಕ್ಕಾಣಿಯೂ ಇಲ್ಲದಂತೆಯೇ.

ಹುಡುಗ ತುಂಡನ್ನು ಕೆಳಗೆ ಹಾಕಿ, ಎಂಜಿನ್ನಿನ ಮುಚ್ಚಳವನ್ನು ಕಿತ್ತೆಸೆದು, ಬಿಸಿಯಾದ ಪಂಪಿನ ಪಕ್ಕಕ್ಕೆ ಕೈಹಾಕಿ, ತಂತಿ ಬಂದು ಸೇರುವ ಪುಟ್ಟ ತೋಳನ್ನು ಬೆರಳಿನಿಂದಲೇ ಹಿಂದಕ್ಕೆ ಒತ್ತಿದ. ಎಂಜಿನ್ನಿನ ಸ್ವರ ಇಳಿಯಿತು. ಅಲೆ ನಮ್ಮನ್ನು ಬಿಟ್ಟು ಮುಂದೆ ಹೋಯಿತು. ಅಲ್ಲಿಂದ ಕಟ್ಟೆ ಮುಟ್ಟುವ ತನಕ ಯಜಮಾನ ಕೂಗಿ ಹೇಳುವುದು, ತಲೆ ಕೆಳಗೆ ಮಾಡಿ ಮಲಗಿದ ಹುಡುಗ ಏನನ್ನೂ ಕಾಣದೆ ಅಪ್ಪಣೆಯನ್ನು ನಡೆಸುವುದು. ನೂರು ವರ್ಷದ ಹಿಂದಿನ ಹಡಗಿನ ವ್ಯವಸ್ಥೆ ನಮ್ಮ ಹದಿನೆಂಟು ಅಡಿಯ ದೋಣಿಗೆ ಕಾಲು ಗಂಟೆಯ ಮಟ್ಟಿಗೆ ಮರಳಿ ಬಂದಿತ್ತು. ಹುಡುಗನ ಮುಂಗೈಯಲ್ಲಿ ಒಂದು ಬೊಬ್ಬೆ ಎದ್ದಿತು.

ಕಟ್ಟೆಗೆ ಹಗ್ಗ ಬಿಗಿದಾದ ಮೇಲೆ ಯಜಮಾನನಿಗೆ ಕೋಪ ಬಂತು. ಅಪಾಯ ಕಳೆದ ಮೇಲೆ ಬರುವ ಕೋಪ ಹೆಚ್ಚು ಬಲವಾದದ್ದು. “ಅಷ್ಟ್ ಜೋರ್ ಎಳುಕೆ ಯಾರ್ ಹೇಳದ್? ಇದ್ರ ದುಡ್ಡ್ ನಿನ್ ಸಂಬಳದಾಗೇ ಹಿಡಿತೆ” ಎಂದ. ಹುಡುಗ ನನ್ನ ಕಡೆಗೆ ತಿರುಗಿ, “ನಾ ಏನೂ ಜೋರ್ ಮಾಡಿಲ್ರೀ ಸರ. ದಿನಾ ಎಳದ್ಹಂಗ ಎಳದೆ, ಕೈಯಾಗ ಬಂದ್ಬಿಟ್ತು” ಎಂದಷ್ಟೇ ಹೇಳಿದ. ಮುರಿದ ವಸ್ತು ಕೊನೆಗೆ ಯಾರ ಕೈಯಲ್ಲಿತ್ತೋ ಅವನೇ ಮುರಿದವನು ಎಂಬುದು ಲೋಕದ ನ್ಯಾಯ. ಮನೆಯ ಲೋಟದಿಂದ ಹಿಡಿದು ಶಾಲೆಯ ಪ್ರಯೋಗಶಾಲೆಯ ಗಾಜಿನವರೆಗೆ ಈ ನ್ಯಾಯವೇ ನಡೆಯುತ್ತಿರುವುದನ್ನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನಾನು ಕಂಡಿದ್ದೇನೆ.

ಮರುದಿನ ಮೂವರೂ ಹೂಡೆಯ ದಾರಿಯಾಗಿ ಮಲ್ಪೆಗೆ ಹೋದೆವು. ಬಂದರಿನ ಬೆನ್ನಿಗಿರುವ ಓಣಿಯೊಂದರಲ್ಲಿ ಲೇತಿನ ಕೆಲಸದ ಮುದುಕರೊಬ್ಬರಿದ್ದಾರೆ. ಮಾತು ಕಡಮೆ, ಕನ್ನಡಕ ಹಣೆಯ ಮೇಲೆ, ಕಿವಿ ಯಂತ್ರದ ಮೇಲೆ. ಎರಡು ತುಂಡುಗಳನ್ನೂ ಕೈಗೆ ಕೊಟ್ಟಾಗ ಅವರು ಸೇರಿಸಿ ನೋಡಲಿಲ್ಲ. ಮುರಿದ ಮುಖವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅನಂತರ, “ಇದು ನಿನ್ನೆ ಮುರಿದದ್ದಲ್ಲ ಮಾರಾಯ್ರೆ” ಎಂದರು.

ಮುರಿದ ಲೋಹದ ಮುಖವನ್ನು ಓದುವುದು ಒಂದು ವಿದ್ಯೆ. ಒಂದೇ ಪೆಟ್ಟಿಗೆ ಮುರಿದ ಎರಕದ ಮುಖ ಎಲ್ಲ ಕಡೆಯೂ ಒಂದೇ ಬಗೆಯಾಗಿ, ಹೊಸದಾಗಿ ಒಡೆದ ಕಲ್ಲುಸಕ್ಕರೆಯಂತೆ ಮಿನುಗುತ್ತದೆ. ನಮ್ಮ ಹಿಡಿಯಲ್ಲಿ ಹಾಗೆ ಮಿನುಗುತ್ತಿದ್ದುದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಎರಡು ಪಾಲು ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಬಿಳಿಯ ಹುಡಿ ಕಟ್ಟಿತ್ತು. ಆ ಮಂಕು ಭಾಗದ ಮೇಲೆ, ಬುಡದ ತಿರುಪಿನ ತೂತಿನಿಂದ ಹೊರಟು, ಒಂದರ ಹಿಂದೊಂದು ಬಾಗಿದ ನಸುಗೆರೆಗಳು. ಕಡಲು ಇಳಿಯುವಾಗ ಮರಳಿನ ಮೇಲೆ ಬಿಟ್ಟುಹೋಗುವ ಗೆರೆಗಳಿಗೂ ಇವಕ್ಕೂ ಏನೂ ಭೇದವಿಲ್ಲ. ಆಶ್ಚರ್ಯವೆಂದರೆ ಲೋಹಶಾಸ್ತ್ರದವರು ಇವಕ್ಕೆ ಇಟ್ಟಿರುವ ಹೆಸರೂ ಅದೇ: ಕಡಲ ದಂಡೆಯ ಗುರುತುಗಳು. ಬಿರುಕು ಒಮ್ಮೆಲೇ ಓಡದೆ, ದಿನದಿನದ ಬಾಗು ಬಳುಕಿಗೆ ಸ್ವಲ್ಪಸ್ವಲ್ಪವಾಗಿ ಮುಂದೆ ಸರಿದು, ನಡುನಡುವೆ ತಂಗಿ, ಮತ್ತೆ ಸರಿದದ್ದಕ್ಕೆ ಅವು ಸಾಕ್ಷಿ. ಎಂದರೆ ಹಿಡಿ ಬಹಳ ತಿಂಗಳುಗಳಿಂದ ಮುರಿಯುತ್ತಲೇ ಇತ್ತು. ಕೊನೆಯ ಮೂರನೆಯ ಪಾಲು ಮಾತ್ರ ಅಷ್ಟೂ ಭಾರ ಹೊತ್ತುಕೊಂಡು ನಿಂತಿತ್ತು. ಹುಡುಗನ ಕೈಗೆ ಬಂದದ್ದು ಆ ಶೇಷ. ಮುದುಕರು ಈ ವಿವರಣೆಯನ್ನೆಲ್ಲ ಕೊಡಲಿಲ್ಲ. ಉಗುರಿನಿಂದ ಮಂಕು ಭಾಗವನ್ನು ತೋರಿಸಿ “ಇದು ಹಳತು”, ಹೊಳೆಯುವ ಭಾಗವನ್ನು ತೋರಿಸಿ “ಇದು ನಿನ್ನೆಯದು” ಎಂದರು. ಯಜಮಾನ ಎರಡು ಸಲ ತಿರುಗಿಸಿ ತಿರುಗಿಸಿ ನೋಡಿ ಸುಮ್ಮನಾದ.

ಬಿರುಕು ತಿರುಪಿನ ತೂತಿನಿಂದಲೇ ಏಕೆ ಹೊರಡಬೇಕು? ಹಿಡಿಯ ಎರಕ ಅಲ್ಯುಮಿನಿಯಮ್. ಅದನ್ನು ಕಡ್ಡಿಗೆ ಬಿಗಿಯುವ, ತಲೆಯಿಲ್ಲದ ಸಣ್ಣ ತಿರುಪು ಸ್ಟೇನ್‌ಲೆಸ್ ಉಕ್ಕು. ಎರಡೂ ಒಳ್ಳೆಯ ಲೋಹಗಳೇ. ಬೇರೆ ಬೇರೆಯಾಗಿದ್ದರೆ ಎರಡೂ ಉಪ್ಪುಗಾಳಿಯನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಒಂದಕ್ಕೊಂದು ಆತುಕೊಂಡು, ನಡುವೆ ಉಪ್ಪುನೀರು ನಿಂತರೆ ಮಾತ್ರ ಕಥೆ ಬೇರೆ. 1800ರಲ್ಲಿ ಇಟಲಿಯ ವೋಲ್ಟಾ ಮಾಡಿ ತೋರಿಸಿದ್ದೂ ಇದನ್ನೇ: ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು. ವಿದ್ಯುತ್ತು ಹರಿಯುತ್ತದೆ, ಹರಿಯುವಷ್ಟು ಕಾಲ ಸತು ಸವೆಯುತ್ತದೆ. ವೋಲ್ಟಾ ಬೇಕೆಂದು ಕಟ್ಟಿದ ಬ್ಯಾಟರಿಯನ್ನು ಕಡಲಿನ ದೋಣಿಗಳು ಬೇಡವೆಂದರೂ ಮೂಲೆ ಮೂಲೆಯಲ್ಲಿ ಕಟ್ಟಿಕೊಳ್ಳುತ್ತವೆ. ನಮ್ಮ ಹಿಡಿಯಲ್ಲಿ ಸತುವಿನ ಪಾತ್ರ ಅಲ್ಯುಮಿನಿಯಮ್ಮಿನದು. ಅದು ಸವೆದು ಬಿಳಿಯ ಹುಡಿಯಾಗುತ್ತದೆ. ಹುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಇಕ್ಕಟ್ಟಿನ ತೂತಿನಲ್ಲಿ ಅದು ಉಬ್ಬಿ ಗೋಡೆಯನ್ನು ಒಳಗಿನಿಂದಲೇ ಸೀಳುತ್ತದೆ. ನಮ್ಮ ಹಳೆಯ ರಂಪಣಿ ದೋಣಿಗಳಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮರವೂ ನಾರೂ ಬೇರೆ ಕಾರಣಕ್ಕೆ ಹಾಳಾದಾವು, ಈ ಕಾರಣಕ್ಕಲ್ಲ.

ಇದೇ ವ್ಯಾಜ್ಯ ಇಂಗ್ಲೆಂಡಿನ ನೌಕಾಪಡೆಗೂ ಒಮ್ಮೆ ಎದುರಾಗಿತ್ತು. ಮರ ಕೊರೆಯುವ ಕಡಲ ಹುಳುವಿನಿಂದ ಹಡಗನ್ನು ಕಾಪಾಡಲು 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆಲ್ಲ ತಾಮ್ರದ ತಗಡನ್ನು ಹೊದಿಸಿ ವೆಸ್ಟ್ ಇಂಡೀಸಿಗೆ ಕಳುಹಿಸಿದರು. 1763ರಲ್ಲಿ ತಪಾಸಣೆ ಮಾಡಿದಾಗ ತಾಮ್ರ ಚೆನ್ನಾಗಿತ್ತು, ಮರ ಚೆನ್ನಾಗಿತ್ತು. ಕಬ್ಬಿಣದ ಮೊಳೆಗಳು ಮಾತ್ರ ತಾಮ್ರ ತಗಲಿದಲ್ಲೆಲ್ಲ ಕರಗಿಹೋಗಿದ್ದವು. ಕೆಲವು ಮೊಳೆಗಳು ಏಕೋ ಉಳಿದಿದ್ದವು. ಹತ್ತಿರದಿಂದ ನೋಡಿದರೆ, ತಗಡನ್ನು ಸುತ್ತಿ ತಂದಿದ್ದ ಕಂದು ಕಾಗದವನ್ನು ಕೆಲಸದವರು ಅಲ್ಲಲ್ಲಿ ತೆಗೆಯದೆಯೇ ಮೊಳೆ ಹೊಡೆದಿದ್ದರು. ಆ ಕಾಗದದ ಚೂರು ಮೊಳೆಗೂ ತಾಮ್ರಕ್ಕೂ ನಡುವೆ ಉಳಿದದ್ದೇ ರಕ್ಷೆಯಾಗಿತ್ತು. ವೋಲ್ಟಾನಿಗಿಂತ ಮೂವತ್ತೇಳು ವರ್ಷ ಮೊದಲು, ವಿದ್ಯುತ್ತಿನ ಕಾರಣ ಯಾರಿಗೂ ತಿಳಿಯದಿದ್ದ ಕಾಲದಲ್ಲಿ, ಸೋಮಾರಿ ಕೆಲಸಗಾರನೊಬ್ಬನು ಉತ್ತರವನ್ನು ಬರೆದಿಟ್ಟಿದ್ದನೆಂದು ನನ್ನ ತರಗತಿಯಲ್ಲಿ ಹೇಳುತ್ತಿದ್ದೆ. ಯಜಮಾನನಿಗೆ ಆ ಪಾಠ ನೆನಪಿರಲಿಲ್ಲ. “ಕಾಗದದ ಕಥೆ ನೆಂಪಿತ್, ಅದೆಂತಕ್ ಅಂದೇಳಿ ನೆಂಪಿಲ್ಲ ಮಾಷ್ಟ್ರೆ” ಎಂದ. ಅಷ್ಟು ನೆನಪಿದ್ದರೆ ಮೇಷ್ಟರಿಗೆ ಸಾಕು.

ಇನ್ನು 1824ರಲ್ಲಿ ಹಂಫ್ರಿ ಡೇವಿ ಮತ್ತೊಂದು ಉಪಾಯ ಹೂಡಿದನು. ತಾಮ್ರಕ್ಕೆ ಸತುವಿನದೋ ಕಬ್ಬಿಣದ್ದೋ ತುಂಡನ್ನು ಕೂಡಿಸಿದರೆ ಆ ತುಂಡು ತಾನು ಸವೆದು ತಾಮ್ರವನ್ನು ಉಳಿಸುತ್ತದೆ. ತಾಮ್ರ ಉಳಿಯಿತು, ಆದರೆ ಕರಗದ ತಾಮ್ರದ ಮೇಲೆ ಪಾಚಿಯೂ ಚಿಪ್ಪುಜೀವಿಗಳೂ ಸುಖವಾಗಿ ಬೆಳೆದು ಹಡಗಿನ ನಡಿಗೆಯನ್ನೇ ಕೆಡಿಸಿದವು. ಆ ಸಲ ಸೋತರೂ ಉಪಾಯ ಸುಳ್ಳಾಗಲಿಲ್ಲ. ಇಂದು ದೋಣಿಗಳ ತಳದಲ್ಲಿ ಚುಕ್ಕಾಣಿಯ ಪಕ್ಕಕ್ಕೆ ಬಿಗಿಯುವ ಸತುವಿನ ಗಟ್ಟಿ ಡೇವಿಯದೇ. ನಮ್ಮ ಯಜಮಾನನೂ ಅದನ್ನು ತಪ್ಪದೆ ಬದಲಾಯಿಸುವವನು. ನೀರಿನ ಹೊರಗಿರುವ ಹಿಡಿಗೆ ಆ ಗಟ್ಟಿಯಿಂದ ಏನೂ ಪ್ರಯೋಜನವಿಲ್ಲ; ಒಂದೇ ನೀರಿನಲ್ಲಿ ಇಬ್ಬರೂ ಮುಳುಗಿದ್ದರೆ ತಾನೆ ಒಬ್ಬನು ಮತ್ತೊಬ್ಬನಿಗಾಗಿ ಸವೆಯುವುದು!

ಈಗ ಪ್ರಶ್ನೆ, ಬೆಸೆಯುವುದೋ ಬದಲಿಸುವುದೋ. ಬೆಸುಗೆಯ ಅಂಗಡಿಯವನು ನೋಡಿದೊಡನೆ ಕೈಮುಗಿದ. ಹಳೆಯ ಅಲ್ಯುಮಿನಿಯಮ್ ಎರಕದ ಒಳಗೆಲ್ಲ ಉಪ್ಪು ಇಳಿದಿರುತ್ತದೆ. ಬೆಂಕಿ ತಗಲಿದರೆ ಬೆಸುಗೆ ನೊರೆಯಂತೆ ಉಬ್ಬಿ ನಿಲ್ಲುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಎಪಾಕ್ಸಿ ಅಂಟು ಹಚ್ಚಿ ಮೇಲೊಂದು ಉಕ್ಕಿನ ಕೊಳವೆ ತೊಡಿಸಿದರೆ ನಾಲ್ಕು ದಿನ ನಡೆದೀತು. ದಾರಿಯಲ್ಲಿ ಕೆಟ್ಟವನಿಗೆ ಅದು ಸರಿ, ಅಳಿವೆ ದಾಟುವವನಿಗೆ ಸರಿಯಲ್ಲ. ಬರಿಯ ಹಿಡಿಯನ್ನು ಕೊಳ್ಳೋಣವೆಂದರೆ ಆ ಮಾದರಿಯನ್ನು ಮಾಡುವುದನ್ನು ತಯಾರಿಸಿದವರು ನಿಲ್ಲಿಸಿಬಿಟ್ಟಿದ್ದಾರೆ. ತಂತಿಗಳ ಸಮೇತ ಇಡೀ ಪೆಟ್ಟಿಗೆಯನ್ನೇ ಕೊಳ್ಳಬೇಕು. ಒಂದು ಬೆರಳು ಮುರಿದವನಿಗೆ ತೋಳನ್ನೇ ಬದಲಾಯಿಸಿಕೋ ಎಂದಂತೆ.

ಹೀಗಾಗಿ ಹೊಸ ಹಿಡಿಯನ್ನು ಮಾಡುವುದೇ ಎಂದಾಯಿತು. ಯಜಮಾನ ಸ್ಟೇನ್‌ಲೆಸ್ ಉಕ್ಕಿನಲ್ಲಿ, ಇನ್ನು ಮೂರು ತಲೆಮಾರಿಗೆ ಮುರಿಯದಂತೆ ಮಾಡಿಕೊಡಿ ಎಂದ. ಮುದುಕರು ಒಪ್ಪಲಿಲ್ಲ. ಅವರ ತರ್ಕ ನನಗೆ ಬಹಳ ಹಿಡಿಸಿತು. ಹಿಡಿಯ ಮೇಲೆ ಎಂದಾದರೊಂದು ದಿನ ಯಾರಾದರೂ ಬಿದ್ದೇ ಬೀಳುತ್ತಾರೆ. ಹಿಡಿ ಬಗ್ಗದಿದ್ದರೆ ಆ ಪೆಟ್ಟು ಒಳಗೆ ಹೋಗಿ, ಪೆಟ್ಟಿಗೆಯ ಕಡ್ಡಿಯನ್ನೋ ಹಲ್ಲನ್ನೋ ಮುರಿಯುತ್ತದೆ. ಹೊರಗಿನ ಮುರಿತ ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಆದುದರಿಂದ ಹಿಡಿ ಉಳಿದೆಲ್ಲಕ್ಕಿಂತ ಸ್ವಲ್ಪ ಮೆತ್ತಗಿರಬೇಕು. ಆದರೆ ಎರಕದ ಅಲ್ಯುಮಿನಿಯಮ್ಮಿನಂತೆ ಪಟ್ಟನೆ ಮುರಿಯಕೂಡದು, ಬಾಗಬೇಕು. ಬಾಗಿದ ಹಿಡಿಯಿಂದಲೂ ದೋಣಿಯನ್ನು ದಡಕ್ಕೆ ತರಬಹುದು. ಅವರು ಆರಿಸಿದ್ದು ಗನ್‌ಮೆಟಲ್ ಎಂಬ ಕಂಚು: ತಾಮ್ರ, ತವರ, ಒಂದಿಷ್ಟು ಸತು. ಕಡಲಿನಲ್ಲಿ ಲೋಹಗಳ ಜಗಳದ ಪಂಕ್ತಿಯಲ್ಲಿ ಕಂಚೂ ಸ್ಟೇನ್‌ಲೆಸ್ ಉಕ್ಕೂ ಹತ್ತಿರ ಹತ್ತಿರ ಕುಳಿತುಕೊಳ್ಳುವ ನೆಂಟರು. ಅವುಗಳೊಳಗೆ ವೈರ ಕಡಮೆ.

ಹಳೆಯ ಬುಡವನ್ನು ದೋಣಿಯ ಕಡ್ಡಿಯಿಂದ ಬಿಡಿಸುವ ಕೆಲಸಕ್ಕೆ ಅವರೇ ನಮ್ಮೊಡನೆ ಬಂದರು. ಹುಡುಗ ಸುತ್ತಿಗೆ ತೆಗೆದುಕೊಟ್ಟಾಗ ಅದನ್ನು ದೂರವಿಡಿಸಿದರು, ಪೆಟ್ಟು ಕಡ್ಡಿಯ ಗುಂಟ ಒಳಗಿನ ಹಲ್ಲುಗಳಿಗೆ ಹೋಗುತ್ತದೆಂದು. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಭಾಗಗಳಿದ್ದುದರಿಂದ ಬೆಂಕಿಯೂ ಬೇಡವಾಯಿತು. ಮೊದಲು ಗೇರನ್ನು ನ್ಯೂಟ್ರಲಿನಲ್ಲಿ ನಿಲ್ಲಿಸಿ, ಹಿಡಿ ಯಾವ ಕಡೆಗೆ ಮುಖಮಾಡಿ ನಿಲ್ಲಬೇಕೆಂದು ಪೆಟ್ಟಿಗೆಯ ಮೇಲೆ ಮೊಳೆಯಿಂದ ಒಂದು ಗೆರೆ ಎಳೆದರು. ಆಮೇಲೆ ಗರಗಸದಲ್ಲಿ ಬುಡವನ್ನು ಉದ್ದಕ್ಕೆ, ಕಡ್ಡಿಗೆ ಹಲ್ಲು ತಾಗದಷ್ಟು ಮಾತ್ರ ಸೀಳಿ, ಸೀಳಿನಲ್ಲಿ ಚಾಣವನ್ನಿಟ್ಟು ತಿರುವಿದಾಗ ಬುಡ ಹಲಸಿನ ತೊಳೆಯಂತೆ ಬಿಚ್ಚಿಕೊಂಡಿತು. ಒಳಗೆಲ್ಲ ಬಿಳಿಯ ಹುಡಿ.

ಕಡ್ಡಿಯ ತುದಿ ಚೌಕವಾಗಿದ್ದದ್ದು ನಮ್ಮ ಪುಣ್ಯ. ಕೆಲವು ಮಾದರಿಗಳಲ್ಲಿ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಅದಕ್ಕೆ ಹೊಂದುವ ಹಲ್ಲನ್ನು ಒಳಮೈಯಲ್ಲಿ ಕೊರೆಯುವುದು ಓಣಿಯ ಅಂಗಡಿಯ ಕೆಲಸವಲ್ಲ. ಇನ್ನು ಕೆಲವು ಹಿಡಿಗಳಲ್ಲಿ, ತಾನಾ‌ಗಿಯೇ ಗೇರು ಬೀಳದಂತೆ ತಡೆಯುವ ಕೊಕ್ಕೆಯೊಂದು ಗುಂಡಿನ ಕೆಳಗೆ ಇರುತ್ತದೆ. ಅಂಥದನ್ನು ಬಿಟ್ಟು ಹೊಸ ಹಿಡಿ ಮಾಡುವುದೆಂದರೆ ಅಪಾಯವನ್ನು ಮಾಡಿದಂತೆಯೇ. ನಮ್ಮ ಪೆಟ್ಟಿಗೆಯಲ್ಲಿ ಆ ತಡೆ ಒಳಗಡೆಯೇ ಇತ್ತು.

ಚೌಕದ ತೂತನ್ನು ಮಾಡಿದ ಬಗೆಯನ್ನು ನೋಡಲೆಂದೇ ನಾನು ಮರುದಿನವೂ ಹೋದೆ. ದುಂಡಗೆ ಕೊರೆದು, ಮೂಲೆಗಳನ್ನು ಅರದಿಂದ ತಿದ್ದುವುದು. ಕಡ್ಡಿಯ ಅಳತೆಯ ಒಂದು ಚೌಕ ತುಂಡಿಗೆ ದೀಪದ ಮಸಿ ಹಚ್ಚಿ ತೂತಿಗೆ ತುರುಕುವುದು, ಮಸಿ ಎಲ್ಲಿ ಅಂಟಿತೋ ಅಲ್ಲಿ ಮಾತ್ರ ಅರದ ಎರಡು ಎಳೆತ, ಮತ್ತೆ ಮಸಿ. ಬೆಳಗ್ಗೆ ಹಿಡಿದ ಅರ ಊಟದ ಹೊತ್ತಿಗೆ ಕೆಳಗಿಳಿಯಿತು. ಚೌಕ ಸ್ವಲ್ಪ ಸಡಿಲವಾದರೂ ಹಿಡಿ ದಿನವೂ ಕುಲುಕಾಡಿ ತೂತನ್ನು ದುಂಡು ಮಾಡುತ್ತದೆಂದು ಅವರ ಮತ. ತುದಿಗೆ ಹಲಸಿನ ಮರದ ಗುಂಡನ್ನು ಲೇತಿನಲ್ಲೇ ತಿರುವಿ ಎಣ್ಣೆ ಕುಡಿಸಿದರು. ಕೂಡಿಸುವಾಗ ಕಂಚಿನ ಹಿಡಿಗೂ ಪೆಟ್ಟಿಗೆಯ ಅಲ್ಯುಮಿನಿಯಮ್ ಮೈಗೂ ನಡುವೆ ನೈಲಾನಿನ ತೆಳುವಾದ ಬಿಲ್ಲೆಯೊಂದನ್ನು ಇಟ್ಟು, ತಿರುಪಿನ ತೂತಿಗೆ ಗ್ರೀಸು ತುಂಬಿದರು. ನೀರು ನಿಲ್ಲಲು ಜಾಗವಿಲ್ಲದಲ್ಲಿ ವೋಲ್ಟಾನಿಗೂ ಜಾಗವಿಲ್ಲ. ನಾನು ಯಜಮಾನನ ಮುಖ ನೋಡಿದೆ. “ಕಂದು ಕಾಗದ” ಎಂದು ನಕ್ಕ.

ಪರೀಕ್ಷೆಯನ್ನು ಎಂಜಿನ್ನು ಚಾಲೂ ಮಾಡದೆಯೇ ಮಾಡಿದರು. ಹುಡುಗ ಹಿಡಿಯನ್ನು ಮುಂದಕ್ಕೆ, ಹಿಂದಕ್ಕೆ ಪೂರ್ತಿ ಸರಿಸಬೇಕು. ಯಜಮಾನ ಮುಚ್ಚಳ ತೆರೆದು ಕುಳಿತು, ಗೇರಿನ ತೋಳೂ ಪಂಪಿನ ತೋಳೂ ಕೊನೆಯ ತನಕ ಹೋಗಿ ಬರುತ್ತವೆಯೇ ಎಂದು ನೋಡಿ ಕೂಗಬೇಕು. ಅದಾದ ಮೇಲೆ, ಎರಡೂ ಹಗ್ಗ ಬಿಗಿದಿರುವಂತೆಯೇ ಎಂಜಿನ್ನು ಹಚ್ಚಿ ಮುಂದಕ್ಕೂ ಹಿಂದಕ್ಕೂ. ಅದಾದ ಮೇಲೆ ನದಿ. ಅಳಿವೆಗೆ ಮೂರು ದಿನ ಬಿಟ್ಟು ಹೋದರು.

ಆದರೆ ಬಿರುಕು ಅಷ್ಟು ಬೇಗ ಓಡಿದ್ದಕ್ಕೆ ಉಪ್ಪೊಂದೇ ಕಾರಣವಾಗಿರಲಾರದೆಂಬ ಸಂಶಯ ಮುದುಕರಿಗೆ ಇತ್ತು. ದೋಣಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿದಾಗ ಅದಕ್ಕೂ ಉತ್ತರ ಸಿಕ್ಕಿತು. ಕಟ್ಟೆಯಿಂದ ದೋಣಿಗೆ ಇಳಿಯುವ ಪ್ರತಿಯೊಬ್ಬ ಪ್ರವಾಸಿಯೂ ದೋಣಿ ಓಲಾಡಿದ ಕೂಡಲೆ ಕೈ ಚಾಚುತ್ತಾನೆ. ಚಾಚಿದ ಕೈಗೆ ಮೊದಲು ಸಿಕ್ಕುವುದು, ಸೊಂಟದ ಎತ್ತರದಲ್ಲಿ ಹದವಾಗಿ ನಿಂತಿರುವ ಈ ಹಿಡಿ. ಬೀಳುವವನು ಯಾವುದು ಏತಕ್ಕಿದೆ ಎಂದು ವಿಚಾರಿಸುವುದಿಲ್ಲ. ಎಪ್ಪತ್ತು ಸೇರಿನ ಮನುಷ್ಯರು ಸೀಸನ್ನು ಪೂರ್ತಿ ಅದನ್ನು ಅಡ್ಡಕ್ಕೆ ಎಳೆದಿದ್ದಾರೆ. ಅದು ಅಡ್ಡಕ್ಕೆ ಚಲಿಸುವ ಹಿಡಿಯೇ ಅಲ್ಲ.

ಹುಡುಗನೇ ಒಂದು ಭಾನುವಾರ ಕುಳಿತು, ಚುಕ್ಕಾಣಿಯ ಪೆಟ್ಟಿಗೆಯ ಪಕ್ಕಕ್ಕೆ, ಇಳಿಯುವವರ ಕೈಗೆ ಮೊದಲು ಸಿಕ್ಕುವಂತೆ, ಮೊಣಕೈಯುದ್ದದ ಮರದ ಅಡ್ಡೆಯೊಂದನ್ನು ನಾಲ್ಕು ಬೋಲ್ಟು ಹಾಕಿ ಬಿಗಿದ. ಬಿಳಿಯ ಬಣ್ಣವನ್ನೂ ಬಳಿದ. ಈಗ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಬಣ್ಣ ಆಗಲೇ ಸವೆದಿದೆ. ಮುದುಕರು ಹಿಡಿಗಳನ್ನು ಮಾಡಿದ್ದು ಎರಡು. ಎರಡರ ಹಣವನ್ನೂ ಯಜಮಾನ ಕೈಯಿಂದ ಕೊಟ್ಟ. ತಿಂಗಳ ಕೊನೆಗೆ ಹುಡುಗನ ಸಂಬಳದಲ್ಲಿ ಏನೂ ಕಡಮೆಯಾಗಿರಲಿಲ್ಲವೆಂದು ಹುಡುಗನಿಂದಲೇ ತಿಳಿದೆ. ಎರಡನೆಯ ಹಿಡಿ, ಎಣ್ಣೆಯ ಬಟ್ಟೆ ಸುತ್ತಿಸಿಕೊಂಡು, ತಿರುಪಿನ ಚಾವಿಯನ್ನು ಹುರಿಯಿಂದ ಕುತ್ತಿಗೆಗೆ ಕಟ್ಟಿಕೊಂಡು, ಹಿಂದಿನ ಹಲಗೆಯ ಕೆಳಗಿನ ಡಬ್ಬಿಯಲ್ಲಿ ಮಲಗಿದೆ.